ಪರವೂರಿನಲ್ಲೊಂದು ಅಡುಗೆಮನೆ

ಜಯನಗರ, ಜೆ.ಪಿ. ನಗರ, ಬನಶಂಕರಿಯ ಮಧ್ಯಮ ವರ್ಗದ ಮನೆಗಳಲ್ಲಿ ರಜೆಯ ಮಾತು ಈಗ ಊಟಿ, ಕೊಡೈಕೆನಾಲ್‌ಗೆ ನಿಲ್ಲುವುದಿಲ್ಲ. ಮಗಳು ಜರ್ಮನಿಯಲ್ಲಿ ಓದುತ್ತಿರುತ್ತಾಳೆ, ಇಲ್ಲವೇ ಅಳಿಯನಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸವಿರುತ್ತದೆ. ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಪ್ಯಾರಿಸ್ಸನ್ನೋ ರೋಮನ್ನೋ ನಾಲ್ಕು ದಿನ ನೋಡಿಕೊಂಡು ಬರೋಣ ಎಂಬ ಯೋಚನೆ ಹುಟ್ಟುತ್ತದೆ. ಆಗ ಫೋನಿನ ಪರದೆಯ ಮೇಲೆ ಮನೆ ಹುಡುಕಾಟ ಶುರುವಾಗುತ್ತದೆ. ಹೊಟೇಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಬೇಕು. ಅಮ್ಮನಿಗೆ ಅನ್ನ ಸಾರು ಆಗಬೇಕು. ಇನ್ನೊಂದು ಮನೆಯಲ್ಲಿ ಹಲಾಲ್ ಮಾಂಸ ತಂದು ಬೇಯಿಸಿಕೊಳ್ಳುವಂತಿರಬೇಕು.

ಹೀಗೆ ಹುಡುಕುವವರಿಗೆ ಎರಡು ಪ್ರಶ್ನೆಗಳಿರುತ್ತವೆ. ಅಲ್ಲಿ ಒಲೆ ಇದೆಯೇ ಎಂಬುದು ಮೊದಲನೆಯದು. ಅದನ್ನು ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ. ನಮ್ಮ ಹೆಸರು ನೋಡಿದ ಮೇಲೂ ಮನೆ ಕೊಡುತ್ತಾರೆಯೇ ಎಂಬುದು ಎರಡನೆಯದು. ಅದನ್ನು ಕೆಲವರು ಮಾತ್ರ, ಅದೂ ಮನಸ್ಸಿನೊಳಗೇ ಕೇಳಿಕೊಳ್ಳುತ್ತಾರೆ. ಮನೆ ಹುಡುಕುವ ಈ ಆ್ಯಪ್‌ಗಳು ನಿನ್ನೆ ಮೊನ್ನೆ ಬಂದವು. ಆದರೆ ಈ ಎರಡು ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲೇ ಏಳುನೂರು ವರ್ಷಗಳ ಹತ್ತಿರದ ದಾಖಲೆ ಇದೆ.

14ನೇ ಶತಮಾನದ ನಡುಭಾಗದಲ್ಲಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಗೋವೆಯಿಂದ ಕೊಲ್ಲಮ್‌ವರೆಗಿನ ಕರಾವಳಿಯ ದಾರಿಯನ್ನು ವರ್ಣಿಸಿದ್ದಾನೆ. ನಮ್ಮ ಹೊನ್ನಾವರ, ಬಾರಕೂರು, ಮಂಗಳೂರುಗಳು ಆ ದಾರಿಯಲ್ಲೇ ಬರುತ್ತವೆ. ಉದ್ದಕ್ಕೂ ಮರಗಳ ನೆರಳು. ಅರ್ಧರ್ಧ ಮೈಲಿಗೆ ಒಂದು ಮರದ ತಂಗುದಾಣ, ಕೂರಲು ಜಗಲಿ, ಪಕ್ಕದಲ್ಲೊಂದು ಬಾವಿ. ಜಗಲಿಯ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು. ನೀರಿನ ಹೊತ್ತಿಗೆ ಮಾತ್ರ ವ್ಯತ್ಯಾಸ ಕಾಣಿಸುತ್ತಿತ್ತು. ಹಿಂದೂ ಪ್ರಯಾಣಿಕನಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದರು, ಮುಸ್ಲಿಮನಿಗೆ ಬೊಗಸೆಗೆ ಹೊಯ್ಯುತ್ತಿದ್ದರು. ಮುಸ್ಲಿಮರು ಅವರ ಮನೆಯೊಳಗೆ ಹೋಗುವಂತಿರಲಿಲ್ಲ, ಅವರ ಪಾತ್ರೆಯಲ್ಲಿ ಉಣ್ಣುವಂತಿರಲಿಲ್ಲ. ಉಂಡರೆ ಆ ಪಾತ್ರೆಯನ್ನು ಒಡೆಯುತ್ತಿದ್ದರು, ಇಲ್ಲವೇ ಉಂಡವನಿಗೇ ಕೊಟ್ಟುಬಿಡುತ್ತಿದ್ದರು. ಆದರೂ ಮುಸ್ಲಿಮರಿಲ್ಲದ ಊರುಗಳಲ್ಲಿ ಅವರಿಗಾಗಿ ಅಡುಗೆ ಮಾಡಿ ಬಾಳೆಲೆಯಲ್ಲಿ ಬಡಿಸುತ್ತಿದ್ದರು ಎಂಬುದನ್ನೂ ಆತ ಮರೆಯದೆ ಬರೆದಿದ್ದಾನೆ. ಪ್ರತಿ ತಂಗುವ ಊರಿನಲ್ಲಿ ಮುಸ್ಲಿಮರ ಒಂದಷ್ಟು ಮನೆಗಳಿದ್ದವು. ಪ್ರಯಾಣಿಕರು ಅಲ್ಲಿ ಇಳಿದುಕೊಂಡು ಬೇಕಾದ್ದನ್ನು ಕೊಳ್ಳುತ್ತಿದ್ದರು. ಆ ಮನೆಗಳಿಲ್ಲದಿದ್ದರೆ ಯಾವ ಮುಸ್ಲಿಮನೂ ಆ ದಾರಿಯಲ್ಲಿ ಪ್ರಯಾಣ ಮಾಡಲಾಗುತ್ತಿರಲಿಲ್ಲ ಎನ್ನುತ್ತಾನೆ.

ಇದನ್ನು ಕೇವಲ ಧರ್ಮದ ಜಗಳವಾಗಿ ಓದುವುದು ಸರಿಯಲ್ಲ. ಬೊಗಸೆಗೆ ನೀರು ಹೊಯ್ಯುವ ಪದ್ಧತಿಯನ್ನು ದಲಿತರು ತಮ್ಮ ಸ್ವಂತ ಊರಿನಲ್ಲೇ, ಮೊನ್ನೆ ಮೊನ್ನೆಯವರೆಗೆ ಉಂಡಿದ್ದಾರೆ. ಒಂದೇ ತಂಗುದಾಣದಲ್ಲಿ ಜಗಲಿ ಎಲ್ಲರದೂ ಆಗಿತ್ತು, ಪಾತ್ರೆ ಕೆಲವರದು ಮಾತ್ರ ಆಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಚತ್ರ, ಧರ್ಮಶಾಲೆ, ಮುಸಾಫಿರ್‌ಖಾನೆ, ಜಮಾಅತಿನ ಕೋಣೆ ಇವೆಲ್ಲ ಹುಟ್ಟಿದ್ದು ದಾನ ಧರ್ಮದ ಬುದ್ಧಿಯಿಂದ, ನಿಜ. ಜೊತೆಗೆ, ತನ್ನವರ ಒಲೆ ಇಲ್ಲದೆ ಪ್ರಯಾಣವೇ ಸಾಧ್ಯವಿರಲಿಲ್ಲ ಎಂಬ ಕಾರಣವೂ ಇತ್ತು.

ಮೈಸೂರು ರಾಜ್ಯದವರು ಯುರೋಪಿನ ಒಂದು ನಗರದಲ್ಲಿ ಮನೆ ಮಾಡಿಕೊಂಡು ಕುಳಿತ ಕಥೆಗೆ ಈಗ ಬರೋಣ. ಟಿಪ್ಪು ಸುಲ್ತಾನ್ 1786ರ ಮಾರ್ಚ್‌ನಲ್ಲಿ ಇಂದಿನ ಉತ್ತರ ಕನ್ನಡದ ತದಡಿ ಬಂದರಿನಿಂದ ಇಸ್ತಾಂಬುಲ್‌ಗೆ ಒಂದು ದೊಡ್ಡ ನಿಯೋಗವನ್ನು ಕಳಿಸಿದ. ಗುಲಾಮ್ ಅಲಿ ಖಾನ್ ಅದರ ಮುಖ್ಯಸ್ಥ. ಹಡಗುಗಳು ಹಾಳಾದವು, ಇಸ್ತಾಂಬುಲ್‌ನ ಪ್ಲೇಗ್ ಬಹಳ ಜನರನ್ನು ನುಂಗಿತು, ಹೊರಟ ಸುಮಾರು 900 ಮಂದಿಯಲ್ಲಿ ಮರಳಿ ಬಂದವರು ಬೆರಳೆಣಿಕೆಯಷ್ಟು. ಆ ನಿಯೋಗದ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿ ಭಾಷೆಯಲ್ಲಿ ದಿನಚರಿ ಬರೆದಿಟ್ಟ. ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ವಕಾಯೆ ಮನಾಜಿಲೆ ರೂಮ್’. ರೂಮ್ ಎಂದರೆ ತುರ್ಕರ ದೇಶ, ಮನಾಜಿಲ್ ಎಂದರೆ ತಂಗುದಾಣಗಳು. ಮನಾಜಿಲ್‌ನ ಏಕವಚನ ಮಂಜಿಲ್. ಇಂದಿಗೂ ನಮ್ಮ ಮನೆಗಳ ಗೇಟಿನ ಮೇಲೆ ಅಜ್ಜನದೋ ಅಮ್ಮನದೋ ಹೆಸರಿನ ಪಕ್ಕದಲ್ಲಿ ‘ಮಂಜಿಲ್’ ಎಂದು ಕೆತ್ತಿಸುತ್ತೇವಲ್ಲ, ಅದೇ. ದಾರಿಯಲ್ಲಿ ಇಳಿದುಕೊಳ್ಳುವ ಜಾಗಕ್ಕೂ ಬಾಳಿ ಬದುಕುವ ಮನೆಗೂ ಒಂದೇ ಪದ.

ಪ್ಯಾರಿಸ್‌ಗೆ ಹೋದ ನಿಯೋಗ ಬೇರೆಯದು, ಚಿಕ್ಕದು. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು ಪುದುಚೇರಿಯಿಂದ 1787ರಲ್ಲಿ ಹಡಗು ಹತ್ತಿ 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದರು. ಜುಲೈನಲ್ಲಿ ಪ್ಯಾರಿಸ್ ತಲುಪಿದರು. ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಕೇಳುವುದು ಅವರ ಮುಖ್ಯ ಕೆಲಸ. ಕುಶಲಕರ್ಮಿಗಳನ್ನೂ ತೋಟಗಾರರನ್ನೂ ಕರೆತರುವುದು ಇನ್ನೊಂದು. (ಹೈದರ್ ಅಲಿ ಹಾಕಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗ್‌ನ ಪಕ್ಕದಲ್ಲಿ ಬೆಳೆದ ಜಯನಗರದವರಿಗೆ ಈ ಎರಡನೆಯ ಕೆಲಸ ವಿಚಿತ್ರವೆನಿಸಲಾರದು.) ಖರ್ಚೆಲ್ಲ ಫ್ರಾನ್ಸಿನ ದೊರೆ 16ನೇ ಲೂಯಿಯದು. ಆಗಸ್ಟ್ 10ರಂದು ವೆರ್ಸೈ ಅರಮನೆಯಲ್ಲಿ ದರ್ಬಾರು ನಡೆಯಿತು. ಅದಾದ ಆರನೆಯ ದಿನ, ಆಗಸ್ಟ್ 16ರಂದು, ಫ್ರಾನ್ಸಿನ ಖಜಾನೆ ಪಾವತಿಗಳನ್ನು ನಿಲ್ಲಿಸಿತು. ದಿವಾಳಿ ಅಂಚಿನಲ್ಲಿದ್ದ ಮನೆಯಲ್ಲಿ ನಮ್ಮವರು ಅತಿಥಿಗಳಾಗಿದ್ದರು.

ಅವರ ಬಿಡಾರದೊಳಗೆ ಹೋಗಿ ಬಂದ ಒಬ್ಬಳ ಬರಹ ನಮಗೆ ಸಿಕ್ಕಿದೆ. ಆಕೆ ರಾಣಿ ಮೇರಿ ಆಂತ್ವಾನೆತ್‌ಳ ಚಿತ್ರಗಾರ್ತಿ ಎಲಿಜಬೆತ್ ವಿಜೇ ಲ ಬ್ರ್ಯಾಂ. ನಾಟಕಶಾಲೆಯಲ್ಲಿ ಮೈಸೂರಿನ ರಾಯಭಾರಿಗಳನ್ನು ಕಂಡು, ಇವರ ಚಿತ್ರ ಬರೆಯಲೇಬೇಕೆಂದು ಹಟ ಹಿಡಿದಳು. ದೊರೆಯೇ ಹೇಳಿದರೆ ಮಾತ್ರ ಒಪ್ಪುತ್ತೇವೆ ಎಂದರು ಇವರು. ದೊರೆ ಹೇಳಿದ. ಆಕೆ ಬಣ್ಣ, ಕ್ಯಾನ್ವಾಸುಗಳೊಂದಿಗೆ ಅವರ ಬಿಡಾರಕ್ಕೇ ಹೋದಾಗ ಮೊದಲು ಆಕೆಯ ಕೈಗೆ ಪನ್ನೀರು ಸುರಿದರಂತೆ. ನಮ್ಮ ಮದುವೆ ಮನೆಗಳ ಬಾಗಿಲಲ್ಲಿ ಇಂದಿಗೂ ಪನ್ನೀರುದಾನಿ ಹಿಡಿದು ನಿಲ್ಲುವವರಿದ್ದಾರೆ. ಪ್ಯಾರಿಸ್ಸಿನ ಬಾಡಿಗೆಯ ಹಜಾರದಲ್ಲೂ ಅವರು ಅದನ್ನು ಬಿಟ್ಟಿರಲಿಲ್ಲ. ಎತ್ತರದ ಆಳು ದರ್ವೇಶ್ ಖಾನ್ ಕತ್ತಿಯ ಮೇಲೆ ಕೈಯಿಟ್ಟು ನಿಂತ. ಹಿರಿಯ ರಾಯಭಾರಿಯೊಬ್ಬ ಮಗನನ್ನು ಪಕ್ಕದಲ್ಲಿರಿಸಿಕೊಂಡು ಕುಳಿತ.

ಆಮೇಲೆ ಅವರು ಆಕೆಯನ್ನೂ ಆಕೆಯ ಗೆಳತಿಯನ್ನೂ ಊಟಕ್ಕೆ ಕರೆದರು. ಊಟ ನೆಲದ ಮೇಲೆ. ಆತಿಥೇಯರು ತಮ್ಮ ಕೈಯಿಂದಲೇ ತಟ್ಟೆಗೆ ಹಾಕಿದರು. ಒಂದು ಪಾತ್ರೆಯಲ್ಲಿ ಕುರಿಯ ಕಾಲುಗಳ, ಬಿಳಿ ಗೊಜ್ಜಿನ, ಮಸಾಲೆ ಜೋರಾಗಿದ್ದ ಒಂದು ಪದಾರ್ಥವಿತ್ತು ಎಂದು ಆಕೆ ಬರೆಯುತ್ತಾಳೆ. ಅದು ಪಾಯ ಎಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ಅಷ್ಟು ದೂರ ಹೋಗಿಯೂ ತಮ್ಮ ಒಲೆಯಲ್ಲಿ ತಮ್ಮ ಪಾಯವನ್ನೇ ಬೇಯಿಸಿಕೊಂಡಿದ್ದರು. ಆದರೆ ಆಕೆಗೆ ಆ ಊಟ ರುಚಿಸಲಿಲ್ಲ. ಕಂದು ಕೈಗಳು ಚಮಚದ ಕೆಲಸ ಮಾಡುವುದನ್ನು ನೋಡಿ ಹೇಸಿಗೆಯಾಯಿತು ಎಂದು ಬರೆದಿದ್ದಾಳೆ. ಅವರ ಮುಖದ ಸೌಂದರ್ಯವನ್ನು ಅಷ್ಟು ಅಕ್ಕರೆಯಿಂದ ಕ್ಯಾನ್ವಾಸಿಗೆ ಇಳಿಸಿದ ಕಣ್ಣುಗಳಿಗೆ ಅವರ ಕೈ ಮಾತ್ರ ಒಗ್ಗಲಿಲ್ಲ. ಅತಿಥಿಯ ಅಂದಚಂದವನ್ನು ಮೆಚ್ಚುವುದು ಸುಲಭ, ಅವನ ಅಡುಗೆಮನೆಯನ್ನು ಒಪ್ಪುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಚಿತ್ರದ ಕಥೆಯೂ ಸ್ವಾರಸ್ಯವಾಗಿದೆ. ಒಣಗಲೆಂದು ಬಿಟ್ಟಿದ್ದ ಚಿತ್ರವನ್ನು ದರ್ವೇಶ್ ಖಾನ್ ತನ್ನ ಮಂಚದ ಹಿಂದೆ ಬಚ್ಚಿಟ್ಟು, ಇದಕ್ಕಿನ್ನು ಆತ್ಮ ಬರಬೇಕು ಎಂದು ಕೊಡಲೊಲ್ಲದೆ ಹೋದ. ಆಕೆ ಉಪಾಯದಿಂದ ಅದನ್ನು ಎತ್ತಿಸಿಕೊಂಡಳು. ಸಿಟ್ಟಿಗೆದ್ದ ಖಾನ್ ತನ್ನ ಸೇವಕನನ್ನು ಕೊಲ್ಲಲು ಹೊರಟಾಗ, ಪ್ಯಾರಿಸ್ಸಿನಲ್ಲಿ ಹಾಗೆಲ್ಲ ಸೇವಕರನ್ನು ಕೊಲ್ಲುವ ಪದ್ಧತಿಯಿಲ್ಲ ಎಂದು ದುಭಾಷಿ ತಿಳಿಹೇಳಬೇಕಾಯಿತು. ಆ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚಿಗೆ ಮಾರಾಟವಾಯಿತು. ಕೇಳಿದ ಸೈನ್ಯ ಸಿಗದೆ ರಾಯಭಾರಿಗಳು 1788ರ ಕೊನೆಯಲ್ಲಿ ಫ್ರಾನ್ಸ್ ಬಿಟ್ಟರು.

ಅವರಾದರೂ ಸುಲ್ತಾನನ ಪ್ರತಿನಿಧಿಗಳು. ಹಡಗಿನಲ್ಲಿ ದುಡಿಯಲು ಹೋದ ಬಡವರ ಪಾಡು ಬೇರೆಯೇ ಆಗಿತ್ತು. ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಲಂಡನ್ ತಲುಪಿದ ಲಸ್ಕರ್ ನಾವಿಕರು ಮರಳುವ ಹಡಗು ಸಿಗುವವರೆಗೆ ಬೀದಿಗಳಲ್ಲಿ ಚಳಿಯಲ್ಲಿ ನಡುಗುತ್ತಿದ್ದರು. ಅವರಿಗೆಂದು 1857ರಲ್ಲಿ ಲೈಮ್‌ಹೌಸ್‌ನಲ್ಲಿ ‘ಪರದೇಶಿಗಳ ಮನೆ’ಯೊಂದು ತೆರೆಯಿತು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ ಅದಕ್ಕೆ 500 ಪೌಂಡ್ ಕೊಟ್ಟಿದ್ದ. ಬಿಳಿಯರ ಮಕ್ಕಳನ್ನು ನೋಡಿಕೊಳ್ಳುತ್ತ ಹಡಗಿನಲ್ಲಿ ಹೋಗಿ ಅಲ್ಲಿ ಕೈಬಿಡಲ್ಪಟ್ಟ ಆಯಾಗಳಿಗೂ ಒಂದು ಮನೆಯಿತ್ತು. ಹ್ಯಾಕ್ನಿಯಲ್ಲಿರುವ ಆ ಕಟ್ಟಡಕ್ಕೆ 2022ರಲ್ಲಿ ನೀಲಿ ಫಲಕ ಹಾಕಿದ್ದಾರೆ. ವಿದ್ಯಾರ್ಥಿಗಳಿಗೆ ಕೆ.ಟಿ. ಪಾಲ್ 1920ರಲ್ಲಿ ಕಟ್ಟಿದ ಇಂಡಿಯನ್ ವೈ.ಎಂ.ಸಿ.ಎ. ಆಸರೆಯಾಯಿತು. ನಮ್ಮ ಕರಾವಳಿಯ ತಂಗುವ ಮನೆಗಳ ತತ್ವವೇ ಅಲ್ಲೂ ಕೆಲಸ ಮಾಡಿತು. ಬೇರೆ ದಾರಿಯಾದರೂ ಏನಿತ್ತು? 1950ರ ದಶಕದ ಲಂಡನ್‌ನಲ್ಲಿ ಬಾಡಿಗೆ ಕೋಣೆಗಳ ಕಿಟಕಿಗಳಲ್ಲಿ ಕರಿಯರಿಗೆ ಕೊಡುವುದಿಲ್ಲ ಎಂಬ ಚೀಟಿ ರಾಜಾರೋಷವಾಗಿ ನೇತಾಡುತ್ತಿತ್ತು. 1965ರಲ್ಲಿ ಜನಾಂಗಭೇದದ ವಿರುದ್ಧ ಕಾನೂನು ಬಂದರೂ ಅದರಲ್ಲಿ ವಸತಿಯ ಮಾತಿರಲಿಲ್ಲ. 1968ರ ಕಾನೂನು ಆ ಚೀಟಿಗಳನ್ನು ಇಳಿಸಿತು.

ಇಷ್ಟು ಹೇಳಿ ಜಯನಗರಕ್ಕೆ ಮರಳದಿದ್ದರೆ ನಾವು ಅರ್ಧ ಮಾತ್ರ ಹೇಳಿದಂತೆ. 1948ರಲ್ಲಿ ರಾಜಾಜಿ ಅಡಿಗಲ್ಲಿಟ್ಟ ಈ ಬಡಾವಣೆ ಬೆಂಗಳೂರಿನ ಹೆಮ್ಮೆ. ಆಗಿನ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸೈಟುಗಳನ್ನು ಹಂಚಿತು, ಸರಕಾರಿ ನೌಕರರೂ ಮೇಷ್ಟರುಗಳೂ ಸಾಲ ಮಾಡಿ ಮನೆ ಕಟ್ಟಿದರು, ಸಾಲದ ಕಂತಿಗೆಂದು ಮೇಲೊಂದು ಮನೆಯನ್ನೋ ಹಿತ್ತಲಲ್ಲೊಂದು ಔಟ್‌ಹೌಸನ್ನೋ ಬಾಡಿಗೆಗೆ ಬಿಟ್ಟರು. ಮಾಲೀಕರು ಕೆಳಗೆ, ಬಾಡಿಗೆಯವರು ಮೇಲೆ. ಒಂದೇ ಗೇಟು, ಒಂದೇ ಸಂಪು, ಒಂದೇ ಮೋಟಾರು. ಮೇಲಿನ ಒಗ್ಗರಣೆಯ ವಾಸನೆ ಕೆಳಗಿನ ದೇವರ ಮನೆಗೆ ಬರುತ್ತದೆ. ಹೀಗಾಗಿ ಹತ್ತು ತಿಂಗಳ ಅಡ್ವಾನ್ಸಿನ ಮಾತಿಗೂ ಮೊದಲು ‘ನೀವು ಯಾವ ಜನ?’, ‘ವೆಜ್ಜಾ ನಾನ್‌ವೆಜ್ಜಾ?’ ಎಂಬ ಪ್ರಶ್ನೆಗಳು ಬರುತ್ತವೆ. ಅವುಗಳ ಹಿಂದೆ ಎಲ್ಲ ಸಲವೂ ದ್ವೇಷವಿರುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಮಾಲೀಕರು ಬೇರೆ ಊರಿನಲ್ಲಿರುವ, ಒಗ್ಗರಣೆ ಯಾರ ಮೂಗಿಗೂ ಬಡಿಯದ ಫ್ಲ್ಯಾಟುಗಳಲ್ಲೂ ಅದೇ ಪ್ರಶ್ನೆ ಕೇಳುವಾಗ ಸಂಪಿನ ನೆಪ ನಿಲ್ಲುವುದಿಲ್ಲ. ತಿಲಕನಗರ, ಗುರಪ್ಪನಪಾಳ್ಯದಂಥ ಕಡೆ ಮುಸ್ಲಿಂ ಕುಟುಂಬಗಳು ಒತ್ತೊತ್ತಾಗಿ ನೆಲೆಸಿರುವುದನ್ನು ನೋಡಿ ‘ಅವರು ಅವರವರೇ ಇರಲು ಇಷ್ಟಪಡುತ್ತಾರೆ’ ಎನ್ನುವವರು ಇಬ್ನ್ ಬತೂತನ ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು.

ನಮ್ಮ ಸಂವಿಧಾನ ಮಾಡಿದವರಿಗೆ ದಾರಿಯ ಬಾವಿ ಮತ್ತು ತಂಗುದಾಣಗಳ ನೆನಪು ಹಸಿಯಾಗಿಯೇ ಇತ್ತು. 15ನೇ ವಿಧಿಯಲ್ಲಿ ಅಂಗಡಿ, ಹೊಟೇಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿ, ಧರ್ಮ ಜಾತಿಗಳ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಬಾರದೆಂದರು. ಬಾಡಿಗೆ ಮನೆ ಎಂಬ ಪದ ಆ ಪಟ್ಟಿಯಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸಂಘವು ತನ್ನ ಸದಸ್ಯತ್ವವನ್ನು ತನ್ನ ಸಮುದಾಯಕ್ಕೆ ಸೀಮಿತಗೊಳಿಸಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. ಹೀಗೆ, ಮೆಜೆಸ್ಟಿಕ್‌ನ ಲಾಡ್ಜಿನಲ್ಲಿ ಒಂದು ರಾತ್ರಿಯ ಕೋಣೆಗೆ ಸಂವಿಧಾನದ ಕಾವಲಿದೆ. ನಾಲ್ಕನೇ ಬ್ಲಾಕಿನಲ್ಲಿ ವರ್ಷಗಟ್ಟಲೆ ಬಾಳುವ ಮನೆಗೆ ಅಂಥ ನೇರವಾದ ಕಾವಲಿಲ್ಲ.

ರಜೆಯ ಅಪಾರ್ಟ್‌ಮೆಂಟು ಎಂಬುದು ಈ ಎರಡರ ನಡುವಿನ ವಸ್ತು. ಹೊಟೇಲಿನ ಹಾಗೆ ರಾತ್ರಿಯ ಲೆಕ್ಕ, ಮನೆಯ ಹಾಗೆ ಮಾಲೀಕನ ಮರ್ಜಿ. ಅಮೆರಿಕದ ಮೂವರು ಸಂಶೋಧಕರು ಐದು ನಗರಗಳಲ್ಲಿ ಏರ್‌ಬಿಎನ್‌ಬಿಯ ಸುಮಾರು 6,400 ಮನೆಗಳಿಗೆ, ಹೆಸರನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿದ್ದ ವಿನಂತಿಗಳನ್ನು ಕಳಿಸಿ ನೋಡಿದರು. ಕರಿಯರದೆಂದು ಗುರುತು ಹತ್ತುವ ಹೆಸರುಗಳಿಗೆ ಒಪ್ಪಿಗೆ ಸಿಗುವುದು ಶೇ. 16ರಷ್ಟು ಕಡಿಮೆಯಾಗಿತ್ತು. ಗದ್ದಲವಾದ ಮೇಲೆ 2018ರಲ್ಲಿ, ಬುಕಿಂಗ್ ಒಪ್ಪಿದ ನಂತರವೇ ಅತಿಥಿಯ ಭಾವಚಿತ್ರ ಮಾಲೀಕನಿಗೆ ಕಾಣುವಂತೆ ಕಂಪೆನಿ ನಿಯಮ ಬದಲಿಸಿತು. ಹೆಸರು ಮಾತ್ರ ಅಲ್ಲೇ ಉಳಿಯಿತು. ಯುರೋಪಿಯನ್ ಒಕ್ಕೂಟದ 2000ನೇ ಇಸವಿಯ ನಿರ್ದೇಶನ ವಸತಿಯೂ ಸೇರಿದಂತೆ ಸಾರ್ವಜನಿಕರಿಗೆ ಕೊಡುವ ಸೇವೆಗಳಲ್ಲಿ ಜನಾಂಗಭೇದವನ್ನು ನಿಷೇಧಿಸುತ್ತದೆ, ಧರ್ಮ ಅದರಲ್ಲಿಲ್ಲ. ಫ್ರಾನ್ಸಿನ ದಂಡಸಂಹಿತೆಯಲ್ಲಿ ಧರ್ಮವೂ ಇದೆ. ಹಾಗಾಗಿ ಮಾಲೀಕನ ಒಪ್ಪಿಗೆಗೆ ಕಾಯಬೇಕಾದ ಮನೆಗಿಂತ, ಹಣ ಕಟ್ಟಿದ ಕೂಡಲೇ ಬುಕ್ ಆಗುವ ಮನೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ತಂಗುವ ವಿಳಾಸದ ಪುರಾವೆ ತೋರಿಸಬೇಕಾದ್ದರಿಂದ, ಬುಕಿಂಗ್ ನಿಜವಾದದ್ದೂ ರದ್ದು ಮಾಡಲು ಬರುವಂಥದ್ದೂ ಆಗಿರಲಿ.

ಮನೆಯ ವಿವರ ಓದುವಾಗಲೂ ಸ್ವಲ್ಪ ಇತಿಹಾಸ ನೆನಪಿದ್ದರೆ ಕಾಲಿಗೆ ಆರಾಮ. ಪ್ಯಾರಿಸ್ಸಿನ ಬಹುಪಾಲು ಸುಂದರ ಕಟ್ಟಡಗಳು 1853ರಿಂದ ಹೌಸ್ಮನ್ ಎಂಬ ಆಡಳಿತಗಾರ ಊರನ್ನು ಕೆಡವಿ ಕಟ್ಟಿಸಿದ ಕಾಲದವು, ಅಥವಾ ಆ ಮಾದರಿಯವು. ಆಗ ಲಿಫ್ಟಿರಲಿಲ್ಲ. ಆದ್ದರಿಂದ ಶ್ರೀಮಂತರು ಎರಡನೆಯ ಮಹಡಿಯಲ್ಲಿ, ಮನೆಗೆಲಸದವರು ತಾರಸಿಯ ಕೆಳಗಿನ ಪುಟ್ಟ ಕೋಣೆಗಳಲ್ಲಿ. ಆ ಕೋಣೆಗಳೇ ಇಂದು ‘ಮಹಡಿಗಳ ನೋಟವಿರುವ ಮುದ್ದಾದ ಸ್ಟುಡಿಯೊ’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಕಾಣಿಸುತ್ತವೆ. ಆರನೆಯ ಮಹಡಿ, ಲಿಫ್ಟಿಲ್ಲ ಎಂದು ಎಲ್ಲೋ ಮೂಲೆಯಲ್ಲಿ ಬರೆದಿರುತ್ತದೆ. ಫ್ರಾನ್ಸಿನ ಕಾನೂನಿನ ಪ್ರಕಾರ ವಾಸಕ್ಕೆ ಬಾಡಿಗೆ ಕೊಡುವ ಮನೆಯ ಮುಖ್ಯ ಕೋಣೆ 9 ಚದರ ಮೀಟರ್ ಇದ್ದರೆ ಸಾಕು, ಅಂದರೆ ಹೆಚ್ಚುಕಡಿಮೆ ನಮ್ಮ ಹತ್ತಕ್ಕೆ ಹತ್ತು ಅಡಿಯ ಕೋಣೆ. ಜಯನಗರದ ಔಟ್‌ಹೌಸ್ ಇದಕ್ಕಿಂತ ದೊಡ್ಡದು. ಮಂಡಿನೋವಿನ ಅಮ್ಮನನ್ನು ಕರೆದೊಯ್ಯುವವರು ಐಫೆಲ್ ಗೋಪುರ ಕಾಣುವ ಕಿಟಕಿಗಿಂತ ಮೊದಲು ಲಿಫ್ಟ್ ಕೇಳಬೇಕು. ಒಲೆಯ ಚಿತ್ರವನ್ನೂ ನೋಡಿಕೊಳ್ಳಿ. ಎಷ್ಟೋ ಕಡೆ ಅಡುಗೆಮನೆ ಎಂದರೆ ಒಂದು ಮೈಕ್ರೋವೇವ್ ಮತ್ತು ಎರಡು ಕಾಫಿ ಲೋಟ.

ಇನ್ನೊಂದು ಸಂಗತಿ ಇತ್ತೀಚಿನದು. ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚೆಂದು ಮಾಲೀಕರು ಊರವರನ್ನು ಬಿಡಿಸುತ್ತಿರುವುದರಿಂದ, ಆ ನಗರಗಳಲ್ಲಿ ಸಾಮಾನ್ಯರಿಗೆ ಮನೆ ಸಿಗದಂತಾಗಿದೆ. ಪ್ಯಾರಿಸ್ 2017ರ ಡಿಸೆಂಬರ್‌ನಿಂದ ಇಂಥ ಮನೆಗಳ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯನ್ನು ಕಡ್ಡಾಯ ಮಾಡಿತು. ಮಾಲೀಕ ತಾನೇ ವಾಸಿಸುವ ಮನೆಯನ್ನು ವರ್ಷಕ್ಕೆ 120 ರಾತ್ರಿ ಹೀಗೆ ಕೊಡಬಹುದಿದ್ದದ್ದನ್ನು 2025ರಿಂದ 90ಕ್ಕೆ ಇಳಿಸಿತು. ಬಾರ್ಸಿಲೋನಾದ ಮೇಯರ್ 2024ರಲ್ಲಿ ಇನ್ನೂ ಕಠಿಣವಾದ ತೀರ್ಮಾನ ಪ್ರಕಟಿಸಿದರು. ಅಲ್ಲಿನ 10,101 ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ. ಬಿ.ಟಿ.ಎಂ. ಲೇಔಟಿನಲ್ಲಿ ಸಂಸಾರಗಳಿದ್ದ ಮನೆಗಳು ಒಂದೊಂದಾಗಿ ಪಿ.ಜಿ.ಗಳಾದದ್ದನ್ನು ನೋಡಿದವರಿಗೆ ಇದರ ಬಿಸಿ ಅರ್ಥವಾಗುತ್ತದೆ. ನೋಂದಣಿ ಸಂಖ್ಯೆಯಿಲ್ಲದ ಮನೆಯನ್ನು, ಎಷ್ಟೇ ಅಗ್ಗವಾದರೂ, ಆರಿಸಿಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ.

ಪ್ಯಾರಿಸ್ಸಿಗೆ ಹೋಗುವವರು ಯಾವ ಬಡಾವಣೆಯಲ್ಲಿ ಇಳಿದುಕೊಳ್ಳಬೇಕೆಂದು ಕೇಳಿದರೆ ನಾವು ಗಾರ್ ದ್ಯು ನಾರ್ ರೈಲು ನಿಲ್ದಾಣದ ಬೆನ್ನಿಗಿರುವ ಲಾ ಶಾಪೆಲ್ ಸುತ್ತಮುತ್ತ ನೋಡಿ ಎನ್ನುತ್ತೇವೆ. ಅಷ್ಟೇನೂ ಥಳಕಿನ ಜಾಗವಲ್ಲ. ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರು 1980ರ ದಶಕದಿಂದ ಅಲ್ಲಿ ಅಂಗಡಿ ಹಾಕಿದ್ದಾರೆ. ದೋಸೆ, ವಡೆ, ಅಕ್ಕಿ, ಕರಿಬೇವು ಅಲ್ಲಿ ಸಿಗುತ್ತವೆ. ಹಲಾಲ್ ಮಾಂಸದಂಗಡಿಗಳೂ ಕಾಲ್ನಡಿಗೆಯ ದೂರದಲ್ಲೇ ಇವೆ. ಇಲ್ಲಿ ಒಂದೇ ಮನೆಯ ಮೇಲೆ ಕೆಳಗೆ ಇರಲಾಗದವರು ಅಲ್ಲಿ ಸಂಜೆ ಚೀಲ ಹಿಡಿದು ಹೋಗಬೇಕಾದದ್ದು ಒಂದೇ ಬೀದಿಗೆ.